ಪಿಟ್‌ಬುಲ್‌ನಿಂದ ಬಿಗ್ ಬ್ಯಾಂಗ್‌ವರೆಗೆ: ಆನ್‌ಲೈನ್‌ನಲ್ಲಿ ಜಗಳ ಆಡುವುದು ಹೇಗೆ

ನಾಯಿ ತಳಿ ಬಗ್ಗೆ ಜಗಳ ಆಡುವವರು ಬೇರೆ, ವಿಶ್ವ ಹೇಗೆ ಹುಟ್ಟಿತು ಅಂತ ಜಗಳ ಆಡುವವರು ಬೇರೆ ಅಂದುಕೊಂಡಿದ್ದೀರಾ? ಎಷ್ಟೋ ಸಲ ಇಬ್ಬರೂ ಒಬ್ಬರೇ. ಬೆಳಿಗ್ಗೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ರಾಟ್‌ವೀಲರ್ ಬಗ್ಗೆ ಕೂಗಾಡಿ, ರಾತ್ರಿ ಯೂಟ್ಯೂಬ್ ವಿಡಿಯೋ ಕೆಳಗೆ "ಬಿಗ್ ಬ್ಯಾಂಗ್ ಸುಳ್ಳು" ಅನ್ನುವವರ ಜೊತೆ ಗುದ್ದಾಡುವ ಮಂದಿ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನೂ ಅವರಲ್ಲಿ ಒಬ್ಬ.

ಎರಡು ಜಗಳವೂ ಒಂದೇ ಜಾಗದಲ್ಲಿ ಹಳ್ಳ ಹಿಡಿಯುತ್ತವೆ. ಯಾರೋ ಒಂದು ಸಂಖ್ಯೆ ತಂದು ಹಾಕುತ್ತಾರೆ, ಅದು ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಾಯಿ ವಿಷಯದಲ್ಲಿ ಲೆಕ್ಕ ತೀರಾ ಕಳಪೆ, ತೀರ್ಮಾನ ಮಾತ್ರ ಈಗಲೇ ಬೇಕು, ಯಾಕಂದ್ರೆ ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ವಿಶ್ವದ ವಿಷಯದಲ್ಲಿ ಲೆಕ್ಕ ಬಹಳ ನಿಖರ, ಆದರೆ ತೀರ್ಮಾನಕ್ಕೆ ಇನ್ನೂ ಇಪ್ಪತ್ತು ವರ್ಷ ಕಾದರೂ ಯಾರ ಮನೆಯೂ ಮುಳುಗುವುದಿಲ್ಲ. ಹಾಗಾಗಿ ಎರಡು ಕಡೆ ವಾದ ಮಾಡುವ ರೀತಿಯೂ ಬೇರೆ ಆಗಬೇಕು.

ಮೊದಲು ನಾಯಿ

"ಪಿಟ್‌ಬುಲ್ ಅಪಾಯಕಾರಿ" ಅಂತ ಯಾರಾದರೂ ಬರೆದ ತಕ್ಷಣ ಉತ್ತರ ಕೊಡಲು ಹೋಗಬೇಡಿ. ಆ ಎರಡು ಪದದಲ್ಲಿ ನಾಲ್ಕು ಪ್ರಶ್ನೆ ಅಡಗಿ ಕೂತಿವೆ. ಈ ತಳಿ ಬೇರೆ ನಾಯಿಗಳಿಗಿಂತ ಜಾಸ್ತಿ ಕಚ್ಚುತ್ತಾ? ಕಚ್ಚಿದರೆ ಗಾಯ ಜಾಸ್ತಿ ಆಗುತ್ತಾ? ನಿಷೇಧ ಮಾಡಿದರೆ ಊರಲ್ಲಿ ಕಚ್ಚುವುದು ಕಮ್ಮಿ ಆಗುತ್ತಾ? ಮೂರನೇ ಮಹಡಿಯವರು ಅದನ್ನು ಸಾಕಬಹುದಾ? ಒಂದಕ್ಕೆ ಹೌದು ಅಂದವರು ಇನ್ನೊಂದಕ್ಕೆ ಇಲ್ಲ ಅನ್ನಬಹುದು. ನನ್ನ ನಿಲುವೇ ಹಾಗಿದೆ, ಎರಡನೆಯದಕ್ಕೆ ಬಹುಮಟ್ಟಿಗೆ ಹೌದು, ಮೂರನೆಯದಕ್ಕೆ ಬಹುಮಟ್ಟಿಗೆ ಇಲ್ಲ. ಆದ್ದರಿಂದ "ಯಾವುದರ ಬಗ್ಗೆ ಹೇಳ್ತಿದ್ದೀರಿ ಸಾರ್" ಅಂತ ಮೊದಲು ಕೇಳಿ. ಅರ್ಧ ಜನ ಅಲ್ಲೇ ಯೋಚನೆಗೆ ಬೀಳುತ್ತಾರೆ, ಉಳಿದರ್ಧ ಜನ ಬೈಯುತ್ತಾರೆ, ಯಾರ ಜೊತೆ ಮಾತು ಮುಂದುವರಿಸಬೇಕು ಅಂತ ನಿಮಗೂ ಗೊತ್ತಾಗುತ್ತದೆ.

ನಮ್ಮ ಕಡೆ ಈ ವಾದದಲ್ಲಿ ಪದೇ ಪದೇ ಬರುವುದು ಹೈಕೋರ್ಟ್ ವಿಷಯ. ಅದನ್ನು ಸರಿಯಾಗಿ ತಿಳಿದುಕೊಂಡಿರಿ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನೆ ಇಲಾಖೆ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. 23 ತಳಿಗಳ ಆಮದು, ಸಂತಾನೋತ್ಪತ್ತಿ, ಮಾರಾಟ ಎಲ್ಲ ನಿಲ್ಲಿಸಿ, ಈಗಾಗಲೇ ಸಾಕಿರುವುದಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಅಂತ. ಪಟ್ಟಿಯಲ್ಲಿ ಪಿಟ್‌ಬುಲ್, ರಾಟ್‌ವೀಲರ್, ಡೋಗೋ ಅರ್ಜೆಂಟೀನೋ, ಕೇನ್ ಕೋರ್ಸೋ ಇದ್ದವು. ಜೊತೆಗೆ "ಟೆರಿಯರ್‌ಗಳು", "ಮ್ಯಾಸ್ಟಿಫ್‌ಗಳು" ಅಂತ ಇಡೀ ಗುಂಪುಗಳೂ ಇದ್ದವು. ಟೆರಿಯರ್ ಅಂದರೆ ಕೈಚೀಲದಲ್ಲಿ ಹಿಡಿಸುವ ಯಾರ್ಕ್‌ಷೈರ್ ಟೆರಿಯರ್ ಕೂಡ ಸೇರುತ್ತದೆ. ಜಪಾನಿನ ಟೋಸಾ ಎರಡು ಸಲ ಇತ್ತು. ನಮ್ಮ ಮುಧೋಳ ನಾಯಿ ಪಟ್ಟಿಯಲ್ಲಿ ಇರಲಿಲ್ಲ, ಇತ್ತು ಅಂತ ಫಾರ್ವರ್ಡ್ ಬಂದರೆ ನಂಬಬೇಡಿ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆ ಸುತ್ತೋಲೆಗೆ ಮೊದಲು ತಡೆ ಕೊಟ್ಟರು, ಏಪ್ರಿಲ್ 10ರಂದು ರದ್ದು ಮಾಡಿದರು. ಇದನ್ನೇ ಹಿಡಿದುಕೊಂಡು ನಾಯಿಪ್ರಿಯರು "ಪಿಟ್‌ಬುಲ್ ಸುರಕ್ಷಿತ ಅಂತ ಕೋರ್ಟೇ ಹೇಳಿದೆ" ಅನ್ನುತ್ತಾರೆ. ಕೋರ್ಟ್ ಹಾಗೆ ಹೇಳಿಲ್ಲ. ಸಂಬಂಧಪಟ್ಟವರನ್ನು ಕೇಳದೆ, ಪಟ್ಟಿ ಶಿಫಾರಸು ಮಾಡಿದ ಸಮಿತಿಯಲ್ಲಿ ನಿಯಮದ ಪ್ರಕಾರ ಇರಬೇಕಾದ ತಜ್ಞರು ಇಲ್ಲದೆ ಈ ಪಟ್ಟಿ ಮಾಡಿದ್ದು ಸರಿಯಲ್ಲ ಅಂತ ಹೇಳಿತು. ಎಲ್ಲರನ್ನೂ ಕೇಳಿ ಕ್ರಮ ಕೈಗೊಳ್ಳುವ ದಾರಿ ಸರ್ಕಾರಕ್ಕೆ ತೆರೆದೇ ಇದೆ. ನಾಯಿ ಕಚ್ಚಿದರೆ ಗಾಯಾಳುವಿನ ಚಿಕಿತ್ಸೆ ಖರ್ಚು ಮಾಲೀಕರದ್ದು ಅನ್ನುವ ಮಾತೂ ಅದೇ ಆದೇಶದಲ್ಲಿದೆ, ನಾಯಿಪ್ರಿಯರ ಸ್ಕ್ರೀನ್‌ಶಾಟ್‌ಗಳಲ್ಲಿ ಆ ಪುಟ ಮಾತ್ರ ಯಾಕೋ ಕಾಣಿಸುವುದಿಲ್ಲ.

ಎಷ್ಟರಲ್ಲಿ ಎಷ್ಟು ಅಂತ ಕೇಳಿ

ನಾಯಿ ಜಗಳದಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಧ್ಯಯನ ಅಮೆರಿಕದ್ದು. 1979ರಿಂದ 1998ರವರೆಗೆ ನಾಯಿ ದಾಳಿಯಿಂದ ಸತ್ತವರ ಲೆಕ್ಕ ತೆಗೆದು 2000ನೇ ಇಸವಿಯಲ್ಲಿ ಪ್ರಕಟಿಸಿದ್ದು. ತಳಿ ಗೊತ್ತಿದ್ದ 238 ಸಾವುಗಳಲ್ಲಿ ಕನಿಷ್ಠ 25 ತಳಿಗಳ ಹೆಸರು ಬಂದಿತ್ತು, ಅರ್ಧಕ್ಕಿಂತ ಜಾಸ್ತಿ ಸಾವುಗಳಲ್ಲಿ ಪಿಟ್‌ಬುಲ್ ಥರದ ನಾಯಿ ಮತ್ತು ರಾಟ್‌ವೀಲರ್ ಇದ್ದವು. ನಿಷೇಧ ಬೇಕು ಅನ್ನುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದೇ ಲೇಖಕರು ಅದೇ ಲೇಖನದಲ್ಲಿ, ಇಡೀ ದೇಶದಲ್ಲಿ ಯಾವ ತಳಿಯ ನಾಯಿ ಎಷ್ಟಿವೆ ಅಂತ ಗೊತ್ತಿಲ್ಲದ ಕಾರಣ ಯಾವ ತಳಿ ಹೆಚ್ಚು ಅಪಾಯ ಅಂತ ಇದರಿಂದ ಲೆಕ್ಕ ಹಾಕಲು ಆಗುವುದಿಲ್ಲ ಅಂದಿದ್ದಾರೆ, ಸಾವುಗಳು ಒಟ್ಟು ಕಡಿತದಲ್ಲಿ ತೀರಾ ಸಣ್ಣ ಪಾಲು, ಅದರ ಮೇಲೆ ನೀತಿ ಮಾಡಬೇಡಿ ಅಂತಲೂ ಎಚ್ಚರಿಸಿದ್ದಾರೆ. ನಿಷೇಧ ಬೇಡ ಅನ್ನುವವರು ಇಷ್ಟನ್ನೇ ಹಾಕಿ ಮೊದಲ ಭಾಗ ಬಿಡುತ್ತಾರೆ.

ಬೆಂಗಳೂರಿನ ಅಪಘಾತಗಳಲ್ಲಿ ಒಂದು ಕಂಪನಿಯ ಸ್ಕೂಟರೇ ಜಾಸ್ತಿ ಅಂದ ತಕ್ಷಣ ಆ ಸ್ಕೂಟರ್ ಕೆಟ್ಟದ್ದು ಅಂತ ಆಗುವುದಿಲ್ಲ, ರಸ್ತೆಯಲ್ಲಿ ಇರುವುದೇ ಅದು ಜಾಸ್ತಿ ಇರಬಹುದಲ್ವಾ. "ಲ್ಯಾಬ್ರಡಾರೇ ಜಾಸ್ತಿ ಕಚ್ಚೋದು ಗೊತ್ತಾ" ಅಂತ ಪಿಟ್‌ಬುಲ್ ಪರ ವಾದ ಮಾಡುವವರಿಗೂ ಇದೇ ಪ್ರಶ್ನೆ ಕೇಳಿ. ನಮ್ಮ ದೇಶದಲ್ಲಂತೂ ಯಾವ ತಳಿ ಒಟ್ಟು ಎಷ್ಟು ಅನ್ನುವ ಪಕ್ಕಾ ಲೆಕ್ಕ ಇಲ್ಲ. ಕೆನಲ್ ಕ್ಲಬ್‌ನಲ್ಲಿ ನೋಂದಣಿ ಆಗುವುದು ಪೆಡಿಗ್ರೀ ನಾಯಿಗಳು ಮಾತ್ರ, ಪಾಲಿಕೆ ಲೈಸೆನ್ಸ್ ಮಾಡಿಸುವವರು ಎಷ್ಟು ಜನ ಅಂತ ನಿಮ್ಮ ಬೀದಿಯಲ್ಲೇ ಒಂದು ಸುತ್ತು ವಿಚಾರಿಸಿ ನೋಡಿ.

ಎರಡನೇ ಪ್ರಶ್ನೆ, ತಳಿ ಅಂತ ಹೇಳಿದವರು ಯಾರು? ಪೊಲೀಸರಾ, ಪಕ್ಕದ ಮನೆಯವರಾ, ಟಿವಿ ವರದಿಗಾರರಾ? ಅಮೆರಿಕದ ನಾಯಿ ಆಶ್ರಯಗಳಲ್ಲಿ ಸಿಬ್ಬಂದಿ ನೋಡಿ ಹೇಳಿದ ತಳಿಯನ್ನು ಡಿಎನ್‌ಎ ಪರೀಕ್ಷೆ ಜೊತೆ ಹೋಲಿಸಿದಾಗ ತುಂಬಾ ಸಲ ತಾಳೆಯಾಗಿಲ್ಲ. ದಿನವೂ ನಾಯಿ ನೋಡುವವರ ಕಥೆಯೇ ಇಷ್ಟು. ಅಗಲ ತಲೆ, ಗಿಡ್ಡ ಕೂದಲು, ಗಟ್ಟಿ ಮೈ ಕಂಡರೆ ಸಾಕು, ಸುದ್ದಿಯಲ್ಲಿ ಅದು ಪಿಟ್‌ಬುಲ್ ಆಗಿಬಿಡುತ್ತದೆ.

ಮೂರನೆಯದು ಶೇಕಡಾ 9ರ ಕಥೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. 18,385 ನಾಯಿಗಳ ಬಗ್ಗೆ ಮಾಲೀಕರಿಂದ ಉತ್ತರ ಪಡೆದು, 2,155 ನಾಯಿಗಳ ಡಿಎನ್‌ಎ ನೋಡಿ, ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಲು ಆಗುವುದು ಸರಾಸರಿ ಸುಮಾರು 9% ಮಾತ್ರ ಅಂತ ಹೇಳಿತು. ನಾಯಿಪ್ರಿಯರಿಗೆ ಇದು ರಾಮಬಾಣ. ಒಳ್ಳೆಯ ಅಧ್ಯಯನ ಹೌದು, ನನಗೂ ಇಷ್ಟ. ಆದರೆ ಅದು ಅಳೆದದ್ದು ಸ್ವಭಾವವನ್ನು, ಅದೂ ಮಾಲೀಕರು ಹೇಳಿದ ಸ್ವಭಾವವನ್ನು. ಕಚ್ಚಿದ ಮೇಲೆ ಗಾಯ ಎಷ್ಟು ಆಳ ಅಂತ ಅದು ಅಳೆದಿಲ್ಲ. ಮೂವತ್ತು ಕಿಲೋ ತೂಕದ, ಹಿಡಿದು ಜಗ್ಗಾಡುವ ನಾಯಿ ಒಮ್ಮೆ ಕಚ್ಚುವುದಕ್ಕೂ ಪೊಮೆರೇನಿಯನ್ ಹತ್ತು ಸಲ ಕಚ್ಚುವುದಕ್ಕೂ ಆಸ್ಪತ್ರೆ ಬಿಲ್ಲಿನಲ್ಲಿ ತುಂಬಾ ವ್ಯತ್ಯಾಸ ಇದೆ. ಇದನ್ನು ಒಪ್ಪಿಕೊಂಡೇ ಮಾತಾಡಿದರೆ ಎದುರಿನವರು ನಿಮ್ಮ ಮುಂದಿನ ಮಾತನ್ನಾದರೂ ಓದುತ್ತಾರೆ.

ಉಳಿದ ಪುರಾಣಗಳನ್ನು ಎರಡು ಸಾಲಲ್ಲಿ ಮುಗಿಸಿ. ಪಿಟ್‌ಬುಲ್ ದವಡೆಗೆ ಲಾಕ್ ಬೀಳುವುದಿಲ್ಲ, ಅಂಥ ಅಂಗರಚನೆಯೇ ಇಲ್ಲ. ಹಿಂದಿನ ಕಾಲದಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಇದನ್ನೇ ಬಿಡುತ್ತಿದ್ದರು ಅನ್ನುವುದಕ್ಕೂ ಆಧಾರ ಇಲ್ಲ.

ನಿಷೇಧದ ಬಗ್ಗೆ ವಾದ ಆದರೆ ಬೇರೆ ದೇಶಗಳ ಅನುಭವ ತನ್ನಿ. ಬ್ರಿಟನ್ನಿನಲ್ಲಿ 1991ರಲ್ಲೇ ಅಪಾಯಕಾರಿ ನಾಯಿಗಳ ಕಾಯ್ದೆ ಬಂತು, ನಾಲ್ಕು ಬಗೆಯ ನಾಯಿಗಳಿಗೆ ನಿಷೇಧ. ಮೂವತ್ತು ವರ್ಷ ಆದ ಮೇಲೆ ಆ ಪಟ್ಟಿಯಲ್ಲಿ ಇಲ್ಲದ ಎಕ್ಸ್‌ಎಲ್ ಬುಲ್ಲಿ ಅನ್ನುವ ಹೊಸ ದೈತ್ಯ ಬಂದು ಜನರನ್ನು ಕೊಂದಿತು, ಅದನ್ನೂ ಸೇರಿಸಬೇಕಾಯಿತು. 2024ರ ಫೆಬ್ರುವರಿ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿನಾಯಿತಿ ಪತ್ರ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧ ಮಾಡಿ, ಕಡಿತ ಕಮ್ಮಿ ಆಗಲಿಲ್ಲ ಅಂತ 2008ರಲ್ಲಿ ತೆಗೆದು ಹಾಕಿತು. ನನಗೆ ಇದರಿಂದ ಅನ್ನಿಸುವುದು ಇಷ್ಟು: ಭಯ ಹುಟ್ಟಿಸುವ ನಾಯಿಯೇ ಬೇಕು ಅನ್ನುವವರು ಒಂದು ತಳಿ ನಿಂತರೆ ಇನ್ನೊಂದು ಹುಡುಕುತ್ತಾರೆ. ಹಾಗಂತ "ಎಲ್ಲ ಮಾಲೀಕರ ತಪ್ಪು, ನಾಯಿ ಪಾಪ" ಅಂತ ಕೈ ತೊಳೆದುಕೊಳ್ಳುವುದೂ ವಾದ ಅಲ್ಲ. ಬೆಲ್ಟ್, ಬಾಯಿಕುಕ್ಕೆ, ಲೈಸೆನ್ಸ್, ಮೊದಲ ದೂರಿಗೇ ದಂಡ, ಇದರಲ್ಲಿ ನೀವು ಯಾವುದಕ್ಕೆ ಒಪ್ಪುತ್ತೀರಿ ಅಂತ ಅವರನ್ನು ಕೇಳಿ. ಲೆಕ್ಕ ಪಕ್ಕಾ ಆಗುವವರೆಗೆ ಏನೂ ಮಾಡಬಾರದು ಅನ್ನುವುದು ನಾಯಿ ವಿಷಯದಲ್ಲಿ ನಡೆಯುವುದಿಲ್ಲ.

ಇನ್ನೊಂದು ಎಚ್ಚರಿಕೆ. ನಮ್ಮ ಊರುಗಳಲ್ಲಿ ತಳಿ ಜಗಳ ಹತ್ತು ಕಾಮೆಂಟ್ ಒಳಗೆ ಬೀದಿ ನಾಯಿ ಜಗಳ ಆಗುತ್ತದೆ. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ದೆಹಲಿ ಬೀದಿ ನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂದು, 22ರಂದು ಅದನ್ನು ಬದಲಿಸಿ, ಸಂತಾನಹರಣ ಚಿಕಿತ್ಸೆ ಮಾಡಿಸಿ, ಲಸಿಕೆ ಕೊಟ್ಟು ಹಿಡಿದ ಜಾಗದಲ್ಲೇ ಬಿಡಿ, ರೇಬೀಸ್ ಇರುವುದನ್ನೂ ಮೈಮೇಲೆ ಬೀಳುವುದನ್ನೂ ಮಾತ್ರ ಬಿಡಬೇಡಿ ಅಂತ ಹೇಳಿದ ಮೇಲಂತೂ ಕೇಳುವುದೇ ಬೇಡ. ಅದು ದೊಡ್ಡ ವಿಷಯವೇ, ಆದರೆ ಪಿಟ್‌ಬುಲ್ ಜೊತೆ ಅದಕ್ಕೆ ಸಂಬಂಧ ಇಲ್ಲ. ಅಲ್ಲಿನ ಪ್ರಶ್ನೆ ರೇಬೀಸ್, ಕಸ, ಸಂತಾನಹರಣ, ಪಾಲಿಕೆ. ಯಾರಾದರೂ ಎಳೆದು ತಂದರೆ "ಅದಕ್ಕೆ ಬೇರೆ ಪೋಸ್ಟ್ ಹಾಕಿ, ಅಲ್ಲಿಗೆ ಬರ್ತೀನಿ" ಅನ್ನಿ.

ಈಗ ಆಕಾಶ

ಇಲ್ಲಿ ಜಗಳ ಶುರು ಆಗುವುದು ಸಾಮಾನ್ಯವಾಗಿ ಒಂದು ಶೀರ್ಷಿಕೆಯಿಂದ. 2022ರ ಆಗಸ್ಟ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕ ಬಿಗ್ ಬ್ಯಾಂಗ್ ಅನ್ನು ಸುಳ್ಳು ಮಾಡಿತು ಅಂತ ಊರೆಲ್ಲ ಸುದ್ದಿ ಆಯಿತು. ದಶಕಗಳಿಂದ ಬಿಗ್ ಬ್ಯಾಂಗ್ ವಿರೋಧಿಸುತ್ತಾ ಬಂದ ಎರಿಕ್ ಲರ್ನರ್ ಬರೆದ ಲೇಖನ ಅದು. ಅಲಿಸನ್ ಕರ್ಕ್‌ಪ್ಯಾಟ್ರಿಕ್ ಅನ್ನುವ ಖಗೋಳ ವಿಜ್ಞಾನಿ ಗ್ಯಾಲಕ್ಸಿಗಳು ಹೇಗೆ ಬೆಳೆದವು ಅನ್ನುವ ತಮ್ಮ ತಿಳುವಳಿಕೆ ಬಗ್ಗೆ ಹೇಳಿದ್ದ ಮಾತನ್ನು ಬಿಗ್ ಬ್ಯಾಂಗ್‌ಗೇ ಹೇಳಿದ್ದು ಅನ್ನುವ ಹಾಗೆ ಅದರಲ್ಲಿ ತಿರುಗಿಸಲಾಗಿತ್ತು. ಒಂದು ಸಂಶೋಧನಾ ಲೇಖನದ ಶೀರ್ಷಿಕೆಯಲ್ಲಿ "ಪ್ಯಾನಿಕ್" ಅಂತ ಇದ್ದದ್ದನ್ನೂ ಗಾಬರಿಗೆ ಸಾಕ್ಷಿ ಮಾಡಿಕೊಂಡರು, ಅದು ಒಂದು ರಾಕ್ ಬ್ಯಾಂಡಿನ ಹೆಸರಿನ ಮೇಲೆ ಮಾಡಿದ ತಮಾಷೆ. ಪಾಪ, ಕರ್ಕ್‌ಪ್ಯಾಟ್ರಿಕ್ ಟ್ವಿಟರ್‌ನಲ್ಲಿ ತಮ್ಮ ಹೆಸರಿನ ಮಧ್ಯೆಯೇ ಬಿಗ್ ಬ್ಯಾಂಗ್ ಆಗಿದೆ ಅಂತ ಸೇರಿಸಿಕೊಂಡರು.

ಆದ್ದರಿಂದ ಇಲ್ಲಿ ಮೊದಲು ಕೇಳಬೇಕಾದದ್ದು, ಮುರಿದಿರುವುದು ಯಾವ ಭಾಗ? ವಿಶ್ವ ಹಿಂದೆ ಬಿಸಿಯಾಗಿ ಒತ್ತಾಗಿತ್ತು, ಆಮೇಲೆ ಹಿಗ್ಗಿತು ಅನ್ನುವುದು ಒಂದು ಮಾತು. ಮೊದಲ ಗ್ಯಾಲಕ್ಸಿಗಳು ಎಷ್ಟು ಬೇಗ ಬೆಳೆದವು ಅನ್ನುವುದು ಇನ್ನೊಂದು. ಬಿಗ್ ಬ್ಯಾಂಗ್ ಆಗಿ 30 ಕೋಟಿ ವರ್ಷಕ್ಕೂ ಮೊದಲೇ ಹೊಳೆಯುತ್ತಿದ್ದ ಗ್ಯಾಲಕ್ಸಿಗಳನ್ನು ವೆಬ್ ಕಂಡಿದೆ, ಅಂದುಕೊಂಡದ್ದಕ್ಕಿಂತ ಅವು ಪ್ರಕಾಶಮಾನ. ತೊಂದರೆ ನಿಜ. ಆದರೆ ಅದು ನಕ್ಷತ್ರ ಹುಟ್ಟುವ ವೇಗದ ಲೆಕ್ಕದಲ್ಲಿರುವ ತೊಂದರೆ ಆಗಿರಬಹುದು, ಅಡಿಪಾಯದ್ದೇ ಆಗಬೇಕಿಲ್ಲ.

ನಿಜವಾಗಿಯೂ ಜಗಳ ಆಡಲು ಯೋಗ್ಯವಾದ ಒಗಟು ಬೇಕು ಅಂದರೆ ಹಬಲ್ ಟೆನ್ಷನ್ ಹಿಡಿಯಿರಿ. ವಿಶ್ವ ಹಿಗ್ಗುವ ವೇಗವನ್ನು ಎರಡು ದಾರಿಯಲ್ಲಿ ಅಳೆಯುತ್ತಾರೆ, ಎರಡರ ಉತ್ತರ ತಾಳೆಯಾಗುವುದಿಲ್ಲ. ವಿಶ್ವದ ಬಾಲ್ಯದ ಬೆಳಕನ್ನು ನೋಡಿದ ಪ್ಲಾಂಕ್ ಉಪಗ್ರಹದ ಲೆಕ್ಕದಲ್ಲಿ ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ 67.4 ಕಿ.ಮೀ., ಹೆಚ್ಚುಕಮ್ಮಿ 0.5 (ಅಂದರೆ ಅಳತೆ ಅಷ್ಟು ಮೇಲೆ ಕೆಳಗೆ ಇರಬಹುದು). ಒಂದು ಮೆಗಾಪಾರ್ಸೆಕ್ ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ. ಹತ್ತಿರದ ಗ್ಯಾಲಕ್ಸಿಗಳಲ್ಲಿ ಸೆಫೀಡ್ (ಹೊಳಪು ಏರಿಳಿಯುವ ನಕ್ಷತ್ರ) ಮತ್ತು ಸೂಪರ್‌ನೋವಾ (ಸಿಡಿಯುವ ನಕ್ಷತ್ರ) ಹಿಡಿದು ಆಡಂ ರೀಸ್ ತಂಡ 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ 73.04, ಹೆಚ್ಚುಕಮ್ಮಿ 1.04. ವೆಂಡಿ ಫ್ರೀಡ್‌ಮನ್ ತಂಡ ಬೇರೆ ಬಗೆಯ ನಕ್ಷತ್ರಗಳನ್ನು ಬಳಸಿ ಅಳೆದರೆ 70ರ ಆಸುಪಾಸು ಬರುತ್ತದೆ, ಇಬ್ಬರ ನಡುವೆ.

ಇಲ್ಲಿ ಸಂಖ್ಯೆ ಜೊತೆ "ಹೆಚ್ಚುಕಮ್ಮಿ ಇಷ್ಟು" ಬಿಟ್ಟು ಬರೆದವರ ಜೊತೆ ವಾದ ಮಾಡಬೇಡಿ. 67 ಮತ್ತು 73 ಹತ್ತಿರ ಇವೆಯೋ ದೂರ ಇವೆಯೋ ಅಂತ ಹೇಳುವುದು ಆ ಹೆಚ್ಚುಕಮ್ಮಿಯೇ. ವ್ಯತ್ಯಾಸ ಸುಮಾರು 5 ಸಿಗ್ಮಾ ಅನ್ನುತ್ತಾರೆ, ಅಂದರೆ ಬರೀ ಕಾಕತಾಳೀಯವಾಗಿ ಹೀಗೆ ಬರುವುದು ಲಕ್ಷಾಂತರಕ್ಕೆ ಒಂದು ಸಲ. ಆದರೆ ಇದರಲ್ಲಿ ಒಂದು ಷರತ್ತು ಇದೆ, ಅಳತೆಯಲ್ಲಿ ಯಾರಿಗೂ ಗೊತ್ತಾಗದ ಓರೆ ಇರಬಾರದು. 5 ಸಿಗ್ಮಾ ಅಂತ ಕೂಗಿದರೆ ಆ ಓರೆ ಮಾಯ ಆಗುವುದಿಲ್ಲ. ಮತ್ತೆ, ಎರಡರಲ್ಲಿ ಯಾವುದೇ ಗೆದ್ದರೂ ವಿಶ್ವದ ವಯಸ್ಸು 1380 ಕೋಟಿಯಿಂದ ಸಾವಿರಾರು ಕೋಟಿಗೆ ಹಾರುವುದಿಲ್ಲ. ಉಳಿದದ್ದೆಲ್ಲ ಹಾಗೇ ಇದ್ದರೆ ಬದಲಾಗುವುದು 100 ಕೋಟಿ ವರ್ಷದ ಆಸುಪಾಸು.

ವಿಶ್ವ ಹಿಗ್ಗುವುದನ್ನು ಜೋರು ಮಾಡುತ್ತಿದೆ ಅನ್ನುವ ಡಾರ್ಕ್ ಎನರ್ಜಿ ಬದಲಾಗುತ್ತಿದೆ ಅನ್ನುವ ಸುದ್ದಿಗೂ ಇದೇ ಔಷಧಿ. ಗ್ಯಾಲಕ್ಸಿಗಳ ನಕ್ಷೆ ಮಾಡುವ ಅರಿಜೋನಾದ ಡೆಸಿ ಯೋಜನೆ 2025ರ ಮಾರ್ಚ್‌ನಲ್ಲಿ ಕೊಟ್ಟ ಸುಳಿವು 2.8ರಿಂದ 4.2 ಸಿಗ್ಮಾ, ಎಷ್ಟು ಅನ್ನುವುದು ಜೊತೆಗೆ ಯಾವ ಸೂಪರ್‌ನೋವಾ ಪಟ್ಟಿ ಸೇರಿಸಿದರು ಅನ್ನುವುದರ ಮೇಲೆ ನಿಂತಿದೆ. ಕುತೂಹಲ ಇರಲಿ, ಪಟಾಕಿ ಬೇಡ.

ವಿಶ್ವದ ವಯಸ್ಸು 2670 ಕೋಟಿ ವರ್ಷ ಅಂತ 2023ರಲ್ಲಿ ಓಡಾಡಿದ ಸುದ್ದಿ ನೆನಪಿದೆಯಾ? ಒಟ್ಟಾವಾ ವಿಶ್ವವಿದ್ಯಾಲಯದ ರಾಜೇಂದ್ರ ಗುಪ್ತ ಅವರ ಲೇಖನ, ಒಳ್ಳೆಯ ಪತ್ರಿಕೆಯಲ್ಲೇ ಬಂದದ್ದು. ಭಾರತೀಯ ಹೆಸರು ಕಂಡದ್ದೇ ನಮ್ಮವರು ಖುಷಿಯಿಂದ ಹಂಚಿದರು. ಬೆಳಕು ದಾರಿಯಲ್ಲಿ ದಣಿಯುತ್ತದೆ, ಅಂದರೆ ಶಕ್ತಿ ಕಳೆದುಕೊಳ್ಳುತ್ತದೆ ಅನ್ನುವ ಹಳೆಯ ವಿಚಾರ, 1929ರಲ್ಲಿ ಖಗೋಳ ವಿಜ್ಞಾನಿ ಜ್ವಿಕಿ ಹೇಳಿದ್ದು, ಅದರಲ್ಲಿ ಒಂದು ಭಾಗ. ಬರೀ ದಣಿದ ಬೆಳಕಿನಿಂದ ಎಲ್ಲ ವಿವರಿಸುತ್ತೇನೆ ಅನ್ನುವವರಿಗೆ ಕೇಳಬೇಕಾದ ಪ್ರಶ್ನೆ ಇದು: ದೂರದ ಸೂಪರ್‌ನೋವಾಗಳು ಹತ್ತಿರದವಕ್ಕಿಂತ ನಿಧಾನವಾಗಿ ಮಂಕಾಗುವುದು ಯಾಕೆ? ವಿಶ್ವ ಹಿಗ್ಗುತ್ತಿದ್ದರೆ ಅದು ತಾನಾಗಿ ಬರುತ್ತದೆ. ಬೆಳಕು ಬರೀ ದಣಿದರೆ ಬಣ್ಣ ಕೆಂಪಾಗುತ್ತದೆ, ಗಡಿಯಾರ ನಿಧಾನ ಆಗುವುದಿಲ್ಲ.

ಬಿಗ್ ಬ್ಯಾಂಗ್ ಒಪ್ಪದವರೆಲ್ಲ ತಲೆಕೆಟ್ಟವರು ಅಂತ ಬೈಯುವುದೂ ಬೇಡ. ಜಯಂತ ನಾರ್ಳೀಕರ್ ಪುಣೆಯ ಖಗೋಳ ವಿಜ್ಞಾನ ಕೇಂದ್ರ ಐಯುಕಾದ ಸ್ಥಾಪಕ ನಿರ್ದೇಶಕರು, 1993ರಲ್ಲಿ ಹಾಯ್ಲ್ ಮತ್ತು ಬರ್ಬಿಡ್ಜ್ ಅನ್ನುವ ಖಗೋಳ ವಿಜ್ಞಾನಿಗಳ ಜೊತೆ ಬೇರೆಯದೇ ಮಾದರಿ ಮುಂದಿಟ್ಟರು, 2025ರ ಮೇನಲ್ಲಿ ತೀರಿಕೊಳ್ಳುವವರೆಗೂ ಬಿಗ್ ಬ್ಯಾಂಗ್ ಅನ್ನು ಪ್ರಶ್ನಿಸಿದವರು ಅಂತಲೇ ಹೆಸರಾಗಿದ್ದರು. ಹೆಚ್ಚಿನ ಸಹೋದ್ಯೋಗಿಗಳು ಅವರ ಮಾದರಿ ಒಪ್ಪಲಿಲ್ಲ. ಆದರೂ ಅವರನ್ನು ಗೌರವಿಸಿದರು, ಯಾಕಂದ್ರೆ ಹಿನ್ನೆಲೆ ವಿಕಿರಣ (ಪ್ಲಾಂಕ್ ನೋಡಿದ ಆ ಹಳೆಯ ಬೆಳಕು) ಎಲ್ಲಿಂದ ಬಂತು, ಹೀಲಿಯಂ ಎಲ್ಲಿಂದ ಬಂತು ಅನ್ನುವುದಕ್ಕೆ ಅವರ ಬಳಿ ಲೆಕ್ಕ ಹಾಕಿದ ಉತ್ತರ ಇತ್ತು. ತಪ್ಪೋ ಸರಿಯೋ, ಪರೀಕ್ಷೆ ಮಾಡಬಹುದಾದ ಉತ್ತರ.

ಜಗಳ ಹೇಗೆ ತೀರಬೇಕು ಅನ್ನುವುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ನಮ್ಮ ಶರಾವತಿ ಹಿನ್ನೀರಿನದ್ದು. 2018ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಎಡ್ಜಸ್ ಅನ್ನುವ ರೇಡಿಯೋ ಉಪಕರಣ, ಮೊದಲ ನಕ್ಷತ್ರಗಳ ಕಾಲದ ಸಂಕೇತ 78 ಮೆಗಾಹರ್ಟ್ಸ್ ಬಳಿ ಸಿಕ್ಕಿತು ಅಂತ ಹೇಳಿತು. ಆ ಸಂಕೇತ ನಿರೀಕ್ಷೆಗಿಂತ ಎರಡು ಪಟ್ಟಿಗೂ ಜಾಸ್ತಿ ಆಳವಾಗಿತ್ತು. ಕಣ್ಣಿಗೆ ಕಾಣದ ದ್ರವ್ಯವಾದ ಡಾರ್ಕ್ ಮ್ಯಾಟರ್‌ಗೆ ಹೊಸ ಗುಣ ಇದೆ ಅನ್ನುವವರೆಗೂ ಸಿದ್ಧಾಂತಗಳು ಹರಿದವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಕಾಮೆಂಟ್ ಹಾಕುತ್ತಾ ಕೂರಲಿಲ್ಲ. ತಮ್ಮದೇ ಸಾರಸ್ 3 ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟರು. ನೀರಿನ ಮೇಲೆ ಯಾಕೆ ಅಂದರೆ, ನೆಲದ ಪದರಗಳು ಒಂದೊಂದು ಕಡೆ ಒಂದೊಂದು ಥರ ಇದ್ದು ಆಂಟೆನಾವನ್ನು ದಾರಿ ತಪ್ಪಿಸುತ್ತವೆ, ನೀರು ಕೆಳಗಿನವರೆಗೂ ಒಂದೇ ಥರ. 2022ರಲ್ಲಿ ಫಲಿತಾಂಶ ಬಂತು: ಆ ಸಂಕೇತ ಕಾಣಲಿಲ್ಲ, 95.3% ಖಾತ್ರಿಯಿಂದ ತಳ್ಳಿಹಾಕಬಹುದು. 100% ಅಂತ ಅವರು ಹೇಳಲಿಲ್ಲ ಅನ್ನುವುದನ್ನೂ ಗಮನಿಸಿ.

"ನಮ್ಮ ಪೂರ್ವಜರಿಗೆ ಇದೆಲ್ಲ ಮೊದಲೇ ಗೊತ್ತಿತ್ತು" ಅನ್ನುವ ಕಾಮೆಂಟ್ ಬಂದೇ ಬರುತ್ತದೆ. ಜಗಳ ಆಡಬೇಡಿ. ಅವರ ಪ್ರಕಾರ 67ಓ 73ಓ ಅಂತ ವಿನಯದಿಂದ ಕೇಳಿ.

ಬರೆಯುವಾಗ, ನಿಲ್ಲಿಸುವಾಗ

ಎದುರಿನವರ ವಾದವನ್ನು ಅವರೇ "ಹೌದು, ಇದೇ" ಅನ್ನುವ ಹಾಗೆ ಒಂದು ಸಾಲಲ್ಲಿ ಮೊದಲು ಬರೆಯಿರಿ. ಆಮೇಲೆ ಒಂದೇ ಅಂಶ ಎತ್ತಿ. ಏಳು ಅಂಶ ಎತ್ತಿದರೆ ಅವರು ಅದರಲ್ಲಿ ತೀರಾ ದುರ್ಬಲವಾದದ್ದನ್ನು ಹಿಡಿದುಕೊಂಡು ನಿಮ್ಮನ್ನು ರಾತ್ರಿಯಿಡೀ ಎಳೆದಾಡುತ್ತಾರೆ. ಸ್ಕ್ರೀನ್‌ಶಾಟ್ ಹಾಕುವ ಬದಲು ಮೂಲ ಲೇಖನ ತೆರೆದು, ಕೊನೆಯಲ್ಲಿ ಲೇಖಕರು ತಮ್ಮ ಮಿತಿ ಹೇಳಿಕೊಂಡಿರುವ ಭಾಗ ಓದಿ. ನಿಮಗೆ ಬೇಕಾದ ಅಸ್ತ್ರವೂ ನಿಮ್ಮ ಮೇಲೆ ಬೀಳುವ ಅಸ್ತ್ರವೂ ಅಲ್ಲೇ ಇರುತ್ತವೆ. ನಾಯಿ ವಿಷಯದಲ್ಲಿ ಸತ್ತವರ ಫೋಟೋ ಹಾಕಬೇಡಿ, ಮನೆಯವರು ಅದೇ ಗ್ರೂಪಿನಲ್ಲಿ ಇರಬಹುದು.

ಎರಡು ಕಡೆ ವಾದ ತಕ್ಷಣ ನಿಲ್ಲಿಸಿ. ಒಂದು, ಯಾರಾದರೂ "ನಿನ್ನೆ ನನ್ನ ಮಗಳಿಗೆ ಕಚ್ಚಿತು" ಅಂತ ಬರೆದಾಗ. ಆಗ ತಳಿ, ಕೋರ್ಟ್, 9% ಎಲ್ಲ ಪಕ್ಕಕ್ಕಿಡಿ. ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದಿದ್ದೀರಾ, ಇಂದೇ ಆಸ್ಪತ್ರೆಗೆ ಹೋಗಿ, ಅರಿಶಿನ ಸುಣ್ಣ ಹಚ್ಚಬೇಡಿ, ರಕ್ತ ಬಂದಿದ್ದರೆ ರೇಬೀಸ್ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ ಇಂಜೆಕ್ಷನ್) ಬೇಕಾ ಅಂತ ಡಾಕ್ಟರನ್ನು ಕೇಳಿ, ಮೊದಲ ಇಂಜೆಕ್ಷನ್ ಆದ ಮೇಲೆ ಉಳಿದ ಡೋಸ್ ತಪ್ಪಿಸಬೇಡಿ ಅಂತ ಹೇಳಿ. ಸಾಕಿದ ನಾಯಿ, ಲಸಿಕೆ ಆಗಿದೆ ಅಂದರೂ ಡಾಕ್ಟರ್ ಹೇಳುವವರೆಗೆ ನಂಬಿ ಕೂರಬೇಡಿ ಅನ್ನುವುದನ್ನೂ ಸೇರಿಸಿ.

ಇನ್ನೊಂದು, ಆಕಾಶದ ಕಡೆ, ಐನ್‌ಸ್ಟೈನ್ ತಪ್ಪು ಅಂತ ತಾವೇ ಬರೆದ 80 ಪುಟದ ಪಿಡಿಎಫ್ ಕಳಿಸುವವರು ಸಿಕ್ಕಾಗ. ಅವರಿಗೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ಲೆಕ್ಕದಲ್ಲಿ ವಿಶ್ವದ ಸಾಮಾನ್ಯ ದ್ರವ್ಯದ ತೂಕದಲ್ಲಿ ಸುಮಾರು ಕಾಲು ಭಾಗ ಹೀಲಿಯಂ ಯಾಕಿದೆ? ಸಂಖ್ಯೆ ಇರುವ ಉತ್ತರ ಬಂದರೆ ಪಿಡಿಎಫ್ ತೆರೆಯಿರಿ. ಎರಡನೇ ಪಿಡಿಎಫ್ ಬಂದರೆ ನೋಟಿಫಿಕೇಶನ್ ಆಫ್ ಮಾಡಿ ಮಲಗಿ.